ಉತ್ತವನಿಗಿಲ್ಲದ ಉತಾರ



ಈ ಹೊಲದ ರೈತನಾರು ಎಂದು ಹಳ್ಳಿಯ ಎಳೆಯ ಬಾಲಕನನ್ನು ಕೇಳಿದರೆ ಅವನು ಹೊಲದತ್ತ ನೋಡಿ, ಅಲ್ಲಿ ಬೆನ್ನು ಬಾಗಿಸಿ ದುಡಿಯುತ್ತಿರುವವನನ್ನು ತೋರಿಸುತ್ತಾನೆ. ಅದೇ ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳಿದರೆ ಅದು ಹೊಲದತ್ತ ತಿರುಗಿಯೂ ನೋಡದೆ ಗಣಕಯಂತ್ರವನ್ನು ತೆರೆದು, ಪಹಣಿಯಲ್ಲಿ ಯಾರ ಹೆಸರಿದೆಯೆಂದು ಓದಿ ಹೇಳುತ್ತದೆ. ಬಾಲಕನ ಉತ್ತರವೂ ಸರ್ಕಾರದ ಉತ್ತರವೂ ಒಂದೇ ಆಗಿರುವ ಕಡೆ ಚಿಂತೆಯಿಲ್ಲ. ಎರಡೂ ಬೇರೆಬೇರೆಯಾಗಿರುವ ಕಡೆ ರೈತನ ಹೆಸರಿನಲ್ಲಿ ಬೊಕ್ಕಸದಿಂದ ಹೊರಟ ಹಣ ರೈತನಲ್ಲದವನ ಖಾತೆಯನ್ನು ಸೇರುತ್ತದೆ. ಬಿತ್ತಿ ಬೆಳೆದು ನಷ್ಟವುಂಡವನು ಬರಿಗೈಯಲ್ಲಿ ಉಳಿಯುತ್ತಾನೆ. ಇದು ಅನ್ಯಾಯವೆಂಬುದನ್ನೂ, ಇದಕ್ಕೆ ಸರ್ಕಾರದಷ್ಟೇ ನಮ್ಮ ನಿಮ್ಮಂಥವರೂ ಹೊಣೆಗಾರರೆಂಬುದನ್ನೂ ಈ ಸಂಚಿಕೆಯಲ್ಲಿ ನಿಮ್ಮ ಮುಂದೆ ನಿಷ್ಠುರವಾಗಿಯೇ ಇಡಬೇಕೆಂದು ನಾವು ಬಯಸಿದ್ದೇವೆ.

ಮೊದಲು ಸಂಗತಿಯನ್ನು ತಿಳಿಯೋಣ. 2019ರ ಫೆಬ್ರವರಿ 24ರಂದು ಕೇಂದ್ರ ಸರ್ಕಾರವು ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯನ್ನು ಆರಂಭಿಸಿತು. ರೈತ ಕುಟುಂಬವೊಂದಕ್ಕೆ ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000ದಂತೆ ಮೂರು ಕಂತು. ಮೊದಲು ಎರಡು ಹೆಕ್ಟೇರಿನೊಳಗಿನ ಹಿಡುವಳಿದಾರರಿಗೆ ಮಾತ್ರ ಎಂದಿದ್ದುದು ಅದೇ ವರ್ಷ ಎಲ್ಲ ಹಿಡುವಳಿದಾರರಿಗೂ ವಿಸ್ತರಿಸಿತು. ನಮ್ಮ ರಾಜ್ಯ ಸರ್ಕಾರವು 2019ರಲ್ಲಿಯೇ ಇದಕ್ಕೆ 4,000 ರೂಪಾಯಿಗಳನ್ನು ಕೂಡಿಸಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಆ ಕೂಡಿಕೆ ನಿಂತಿತು. ಯಾವ ಪಕ್ಷ ಕೊಟ್ಟಿತು, ಯಾವ ಪಕ್ಷ ನಿಲ್ಲಿಸಿತು ಎಂಬ ಚರ್ಚೆ ಮಠದ ಪತ್ರಿಕೆಗೆ ಸಲ್ಲದು. ಕೊಟ್ಟಾಗಲೂ ನಿಲ್ಲಿಸಿದಾಗಲೂ ಒಂದು ವರ್ಗದ ಜನರು ಮಾತ್ರ ಲೆಕ್ಕದಲ್ಲೇ ಇರಲಿಲ್ಲ. ನಮ್ಮ ಮಾತು ಅವರನ್ನು ಕುರಿತದ್ದು.

ಈ ಹಣ ರೈತರನ್ನು ಭಿಕ್ಷುಕರನ್ನಾಗಿ ಮಾಡುತ್ತಿದೆ, ಕಾಯಕವನ್ನು ಕೆಡಿಸುತ್ತಿದೆ ಎಂದು ಹೇಳುವ ಸಜ್ಜನರು ನಮ್ಮಲ್ಲಿಗೆ ಬರುವುದುಂಟು. ಅವರಲ್ಲಿ ಹೆಚ್ಚಿನವರು ತಿಂಗಳ ಮೊದಲ ದಿನವೇ ಸಂಬಳವೆಣಿಸುವವರು. ಅವರಿಗೆ ನಮ್ಮ ಉತ್ತರ ಚಿಕ್ಕದು. ವರ್ಷಕ್ಕೆ 6,000 ಎಂದರೆ ದಿನಕ್ಕೆ ಹದಿನಾರೂವರೆ ರೂಪಾಯಿಯೂ ಆಗದು. ಅಷ್ಟರಿಂದ ಒಂದು ಕುಟುಂಬ ಸೋಮಾರಿಯಾಗಲು ಸಾಧ್ಯವಿದ್ದರೆ ಆ ಸೋಮಾರಿತನದ ಗುಟ್ಟನ್ನು ಅವರೇ ನಮಗೆ ತಿಳಿಸಬೇಕು. ಯೋಜನೆ ಆರಂಭವಾಗಿ ಐದು ವರ್ಷ ಕಳೆದರೂ ಆ ಮೊತ್ತ ಏರಲಿಲ್ಲ. ಅಷ್ಟರಲ್ಲಿ ಆಳಿನ ಕೂಲಿ ಏರಿತು, ಮೈಲುತುತ್ತಿನ ಬೆಲೆ ಏರಿತು, ಟ್ರ್ಯಾಕ್ಟರಿನ ಬಾಡಿಗೆ ಏರಿತು. ಪಟ್ಟಣದವರ ಅನ್ನ ಅಗ್ಗವಾಗಿರಲೆಂದು ಧಾನ್ಯದ ಬೆಲೆಯನ್ನು ತಗ್ಗಿಸಿಟ್ಟ ಸರ್ಕಾರ, ಆ ನಷ್ಟದ ಒಂದು ತುಣುಕನ್ನು ಬೆಳೆದವನಿಗೆ ಮರಳಿಸಿದರೆ ಅದು ಭಿಕ್ಷೆಯೆನಿಸದು. ತೀರಬೇಕಾದ ಋಣದಲ್ಲಿ ಅದೊಂದು ಕಿರುಪಾಲು. ಹಾಗಾದರೆ ಋಣವನ್ನು ಯಾರಿಗೆ ತೀರಿಸಬೇಕು? ಸಾಲ ಕೊಟ್ಟವನಿಗೆ ತೀರಿಸಬೇಕೇ ಹೊರತು, ಸಾಲ ಕೊಟ್ಟವನು ವಾಸವಾಗಿರುವ ಮನೆಯ ಮಾಲೀಕನಿಗಲ್ಲ.

ಇಲ್ಲಿಯೇ ತೊಡಕು. ಈ ನಿಧಿಯ ನಿಯಮದಂತೆ 2019ರ ಫೆಬ್ರವರಿ 1ರಂದು ಭೂದಾಖಲೆಯಲ್ಲಿ ಯಾರ ಹೆಸರಿತ್ತೋ ಅವರೇ ರೈತರು. ಆ ಬಳಿಕ ವಾರಸಿನಿಂದ ಭೂಮಿ ಪಡೆದವರಿಗೆ ಮಾತ್ರ ವಿನಾಯಿತಿ. ಇನ್ನೊಬ್ಬರ ಭೂಮಿಯನ್ನು ಗೇಣಿಗೆ ಮಾಡುವವನು, ಲಾವಣಿಗೆ ಹಿಡಿದವನು, ಕೋರಿಗೆ ಬಿತ್ತುವವನು ಈ ಲೆಕ್ಕದಲ್ಲಿ ರೈತನಲ್ಲ. ಕರ್ನಾಟಕದಲ್ಲಿ ರೈತನಿಗೊಂದು ಗುರುತಿನ ಸಂಖ್ಯೆಯನ್ನು ಕೊಡುವ ‘ಫ್ರೂಟ್ಸ್’ ಎಂಬ ನೋಂದಣಿಯಿದೆ. ಅದಕ್ಕೂ ಪಹಣಿಯೇ ಆಧಾರ. ಬೆಳೆಸಾಲಕ್ಕೂ ಬರ ಪರಿಹಾರಕ್ಕೂ ಮೊದಲು ಕೇಳುವುದು ಆ ಸಂಖ್ಯೆಯನ್ನೇ. ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯಲ್ಲಿ ದೊರೆಯುವ ಸಾಲದ ಮಿತಿಯನ್ನು 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಪಹಣಿಯಿಲ್ಲದವನಿಗೆ ಮೂರೂ ಒಂದೇ, ಐದೂ ಒಂದೇ. ಅವನು ಹೋಗುವುದು ಬಡ್ಡಿಯವನ ಮನೆಗೇ. 2018ರಲ್ಲಿ ಸಾಲಮನ್ನಾ ಆದಾಗಲೂ ಮನ್ನಾ ಆದುದು ಬ್ಯಾಂಕಿನ, ಸಂಘದ ಸಾಲ. ಬಡ್ಡಿಯವನ ಪುಸ್ತಕದಲ್ಲಿದ್ದ ಸಾಲ ಹಾಗೆಯೇ ಉಳಿಯಿತು.

ದಾಖಲೆಯ ಮೂಲಕ ರೈತನನ್ನು ಕಾಣುವ ಈ ರೂಢಿ ಎಂದಿನಿಂದ ಬಂತು? ಕರಾವಳಿಯ ಮಟ್ಟಿಗೆ ಹೇಳುವುದಾದರೆ ನಾವು ಕೆಳದಿಯ ಅರಸರನ್ನು ನೆನೆಯಬೇಕು. ಹದಿನೇಳನೆಯ ಶತಮಾನದಲ್ಲಿ ಮಲೆನಾಡನ್ನೂ ಕರಾವಳಿಯನ್ನೂ ಆಳಿದ ಶಿವಪ್ಪ ನಾಯಕನ ‘ಶಿಸ್ತು’ ಪ್ರಸಿದ್ಧವಾದುದು. ಕಂದಾಯವನ್ನು ಗೊತ್ತುಮಾಡುವ ಮುನ್ನ ಆತನು ಬಗೆಬಗೆಯ ನೆಲಗಳಲ್ಲಿ ಒಂದೊಂದು ಹೊಲವನ್ನು ತನ್ನದೇ ಖರ್ಚಿನಿಂದ ಹಲವು ವರ್ಷ ಬೇಸಾಯ ಮಾಡಿಸಿ, ಬೀಜವೆಷ್ಟು, ವೆಚ್ಚವೆಷ್ಟು, ಬೆಳೆಯೆಷ್ಟು ಎಂದು ಲೆಕ್ಕವಿಡಿಸಿದನೆಂಬ ಮಾತು ಮೈಸೂರಿನ ಹಳೆಯ ಗೆಜೆಟಿಯರಿನಲ್ಲಿ ಬಂದಿದೆ. ತೆಗೆದುಕೊಳ್ಳುವ ಅರಸನಾದರೂ ಅವನು ಹೊಲವನ್ನು ನೋಡಿ ತೆಗೆದುಕೊಂಡನು. ಟಿಪ್ಪುವಿನ ಪತನದ ತರುವಾಯ 1799ರಲ್ಲಿ ಕೆನರಾಕ್ಕೆ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಹಳೆಯ ಲೆಕ್ಕಗಳನ್ನು ಶೋಧಿಸಿ ಕಂದಾಯವನ್ನು ನಿಗದಿಪಡಿಸಿದನು. ಅಂದಿನಿಂದ ಸರ್ಕಾರದ ಕಣ್ಣಿಗೆ ವರ್ಗದಾರನೇ ರೈತನಾದನು, ಏಕೆಂದರೆ ಕಂದಾಯ ಕಟ್ಟುವವನು ಅವನೇ. ವರ್ಗದಾರನ ಕೆಳಗೆ ಮೂಲಗೇಣಿಯವನು, ಅವನ ಕೆಳಗೆ ಚಾಲಗೇಣಿಯವನು, ಅವನಿಗೂ ಕೆಳಗೆ ಕೂಲಿಯಾಳು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಜನ ನಿಂತಿದ್ದರು. ಮೇಲಿನ ಮೆಟ್ಟಿಲಿನವನ ಹೆಸರು ಮಾತ್ರ ಕಡತದಲ್ಲಿತ್ತು. ವಸೂಲಿಗಾಗಿ ಬರೆದಿಟ್ಟ ಆ ಪಟ್ಟಿಯನ್ನೇ ಇಂದು ವಿತರಣೆಗೂ ಹಿಡಿದಿದ್ದೇವೆ. ತೆರಿಗೆ ಕೊಡಬೇಕಾದವನು ಯಾರೆಂದು ತಿಳಿಸಲು ಹುಟ್ಟಿದ ಪುಸ್ತಕವು ನೆರವು ಪಡೆಯಬೇಕಾದವನು ಯಾರೆಂದು ಹೇಗೆ ತಾನೇ ತಿಳಿಸೀತು?

ಈ ಮೆಟ್ಟಿಲುಗಳನ್ನು ಮುರಿಯಲೆಂದೇ 1951ರಲ್ಲಿ ಕಾಗೋಡಿನ ರೈತರು ಸತ್ಯಾಗ್ರಹ ಹೂಡಿದರು. ಅದಕ್ಕಾಗಿಯೇ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಗೊಂಡು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತು ತಮ್ಮ ಹೊಲದ ಒಡೆತನ ಪಡೆದರು. ಅರ್ಜಿಯ ಕೊನೆಯ ದಿನ 1979ರ ಜೂನ್ 30. ದಕ್ಷಿಣ ಕನ್ನಡದಷ್ಟು ಸಫಲವಾಗಿ ಈ ಕಾಯ್ದೆ ನಡೆದ ಜಿಲ್ಲೆಗಳು ಬಹು ಕಡಿಮೆ. ಇಲ್ಲಿ ಒಂದು ತಲೆಮಾರಿನ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದುದಕ್ಕೂ ಬ್ಯಾಂಕಿನ, ಕಚೇರಿಯ ಕುರ್ಚಿಯಲ್ಲಿ ಕುಳಿತುದಕ್ಕೂ ಆ ಕಾಯ್ದೆ ಒಂದು ಕಾರಣ. ಮಠಗಳೂ ದೇವಾಲಯಗಳೂ ಅಂದು ಗೇಣಿಯ ಭೂಮಿಯನ್ನು ಕಳೆದುಕೊಂಡವು. ಕಳೆದುಕೊಂಡುದಕ್ಕೆ ನಮಗೆ ವ್ಯಥೆಯಿಲ್ಲ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯು ಕಾಯಕವನ್ನು ಪೂಜಿಸುವವರಿಗೆ ಅಪ್ರಿಯವಾಗಬೇಕಾದ ಕಾರಣವೇ ಇಲ್ಲ.

ಆದರೆ ಅದೇ ಕಾಯ್ದೆಯ ಐದನೆಯ ಪ್ರಕರಣವು ಇನ್ನು ಮುಂದೆ ಯಾರೂ ಗೇಣಿಗೆ ಭೂಮಿ ಕೊಡಕೂಡದೆಂದು ವಿಧಿಸಿತು. ಸೈನಿಕರು, ನಾವಿಕರು ಮೊದಲಾದ ಕೆಲವರಿಗಷ್ಟೇ ವಿನಾಯಿತಿ. ಉದ್ದೇಶ ಒಳ್ಳೆಯದೇ. ಆದರೆ ನಿಷೇಧದಿಂದ ಗೇಣಿ ನಿಂತಿತೇ? ವಿದ್ಯೆ ಕಲಿತ ಮಗ ಊರು ಬಿಟ್ಟನು, ಮುದುಕನಾದ ತಂದೆಗೆ ಕೈಲಾಗದು, ಭೂಮಿ ಪಾಳು ಬೀಳಬಾರದು. ಹೀಗಾಗಿ ನೆರೆಯ ಬಡವನ ಕೈಗೆ ಹೊಲ ಹೋಗುವುದು ಅಂದಿಗೂ ತಪ್ಪಲಿಲ್ಲ, ಇಂದಿಗೂ ತಪ್ಪಿಲ್ಲ. ತಪ್ಪಿದ್ದು ಒಂದೇ, ಕಾಗದ. ಒಪ್ಪಂದವೆಲ್ಲ ಬಾಯಿಮಾತಿನದಾಯಿತು. ಗೇಣಿಯು ಕಾನೂನಿನಲ್ಲಿ ಇಲ್ಲವಾದ್ದರಿಂದ ಗೇಣಿದಾರನೂ ಕಾನೂನಿನಲ್ಲಿ ಇಲ್ಲವಾದನು. ಉಳುವವನನ್ನು ಒಡೆಯನನ್ನಾಗಿ ಮಾಡಲು ಹೊರಟ ಕಾಯ್ದೆಯೇ ಮುಂದಿನ ತಲೆಮಾರಿನ ಉಳುವವನನ್ನು ಸರ್ಕಾರದ ಕಣ್ಣಿಗೆ ಕಾಣದಂತೆ ಮಾಡಿತು. ಇದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದೆ?

ಪಹಣಿಯನ್ನು ಕೈಯಲ್ಲಿ ಹಿಡಿದು ನೋಡಿರಿ. ಒಂಬತ್ತನೆಯ ಕಾಲಂನಲ್ಲಿ ಒಡೆಯನ ಹೆಸರು. ಹನ್ನೆರಡನೆಯ ಕಾಲಂನಲ್ಲಿ ಸಾಗುವಳಿದಾರನ ಹೆಸರು ಮತ್ತು ಬೆಳೆಯ ವಿವರ. ದಾಖಲೆಯನ್ನು ರೂಪಿಸಿದವರು ಮೂಢರಾಗಿರಲಿಲ್ಲ; ಒಡೆಯನೂ ಉಳುವವನೂ ಬೇರೆಯಾಗಿರಬಹುದೆಂದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಎರಡು ಕಾಲಂಗಳನ್ನಿಟ್ಟರು. 1974ರ ನಂತರ ನ್ಯಾಯಮಂಡಳಿಗಳಲ್ಲಿ ಎಷ್ಟೋ ಬಡವರ ಹಣೆಬರಹ ನಿರ್ಧಾರವಾದುದು ಆ ಹನ್ನೆರಡನೆಯ ಕಾಲಂನ ಬರಹದಿಂದ. ಇಂದು ಅಲ್ಲಿ ಏನಿರುತ್ತದೆ? ಸಾಮಾನ್ಯವಾಗಿ ಒಡೆಯನ ಹೆಸರೇ ಮತ್ತೊಮ್ಮೆ, ಇಲ್ಲವೆ ‘ಸ್ವತಃ’ ಎಂಬ ಒಂದು ಮಾತು. ‘ಭೂಮಿ’ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಯಂತ್ರಕ್ಕೇರಿದಾಗ ಕೈಬರಹದ ತಿದ್ದುಪಾಟುಗಳಿಗೆ ಕಡಿವಾಣ ಬಿದ್ದುದು ನಿಜ, ಅದು ಉಪಕಾರವೇ. ಆದರೆ ಸುಳ್ಳನ್ನು ಸ್ಫುಟವಾದ ಅಕ್ಷರಗಳಲ್ಲಿ ಅಚ್ಚುಮಾಡಿದ ಮಾತ್ರಕ್ಕೆ ಅದು ಸತ್ಯವಾಗದು.

ಇದರ ಫಲವೇನೆಂಬುದನ್ನು ಬರಗಾಲದಲ್ಲಿ ಕಾಣಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಪರಿಹಾರಕ್ಕಾಗಿ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ 3,454 ಕೋಟಿ ರೂಪಾಯಿ ಮಂಜೂರಾಯಿತು. ಆಗಿನ ಕೇಂದ್ರದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನ ಮಿತಿಯವರೆಗೆ. ಈಗ ಯೋಚಿಸಿರಿ. ಲಾವಣಿಗೆ ಹೊಲ ಹಿಡಿದವನು ಒಡೆಯನಿಗೆ ಮುಂಗಡವಾಗಿಯೇ ಹಣ ಎಣಿಸಿದ್ದಾನೆ. ಬೀಜ ಅವನದು, ಗೊಬ್ಬರ ಅವನದು, ಎತ್ತು ಅವನದು, ಹೆಂಡತಿಮಕ್ಕಳ ದುಡಿಮೆ ಅವನದು. ಮಳೆ ಕೈಕೊಟ್ಟಿತು, ಬೆಳೆ ಒಣಗಿತು, ನಷ್ಟ ಅವನದಾಯಿತು. ಒಡೆಯನಿಗೆ ನಯಾಪೈಸೆಯ ನಷ್ಟವಿಲ್ಲ. ಪರಿಹಾರ ಮಾತ್ರ ಒಡೆಯನ ಖಾತೆಗೆ! ಒಬ್ಬನು ಬಿದ್ದು ಗಾಯಗೊಂಡಾಗ ಇನ್ನೊಬ್ಬನಿಗೆ ಮುಲಾಮು ಹಚ್ಚುವ ವೈದ್ಯನನ್ನು ನಾವು ಹುಚ್ಚನೆನ್ನುತ್ತೇವೆ. ಇದನ್ನೇಕೆ ಆಡಳಿತವೆನ್ನುತ್ತೇವೆ?

ಗೇಣಿದಾರನೊಬ್ಬನ ಕಥೆ ಮಾತ್ರವಲ್ಲ ಇದು. ಅಜ್ಜನ ಹೆಸರಿನಲ್ಲಿಯೇ ಉಳಿದ ಪಹಣಿಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ. ಅಜ್ಜ ಲಿಂಗೈಕ್ಯನಾಗಿ ಮೂವತ್ತು ವರ್ಷ, ಮೊಮ್ಮಕ್ಕಳು ಉಳುತ್ತಿದ್ದಾರೆ, ಅಣ್ಣತಮ್ಮಂದಿರ ಜಗಳದಿಂದಲೋ ಉದಾಸೀನದಿಂದಲೋ ಪೌತಿ ಖಾತೆ ಆಗಿಲ್ಲ. ಸತ್ತವನಿಗೆ ಕಂತು ಬಾರದು, ಬದುಕಿದವನಿಗೆ ಹೆಸರಿಲ್ಲ. ಇನ್ನು ಹೆಂಗಸರು. 2015–16ರ ಕೃಷಿಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನವು ನೂರಕ್ಕೆ ಸುಮಾರು ಹದಿನಾಲ್ಕು. ನಾಟಿ, ಕಳೆ, ಕೊಯ್ಲು, ಒಕ್ಕಣೆ ಇವುಗಳಲ್ಲಿ ಹೆಂಗಸರ ಪಾಲು ಹದಿನಾಲ್ಕೇ ಎಂದು ಹೇಳುವ ಧೈರ್ಯ ಯಾವ ಗಂಡಸಿಗಿದೆ? ದಕ್ಷಿಣ ಕನ್ನಡದಲ್ಲಂತೂ ಕುಮ್ಕಿಯೆಂಬ ಇನ್ನೊಂದು ತೊಡಕು. ವರ್ಗ ಜಮೀನಿನ ಸುತ್ತ ನೂರು ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆಗೆ ವರ್ಗದಾರನಿಗೆ ಸವಲತ್ತು ಇದ್ದಿತು. ಕಾಲಕ್ರಮದಲ್ಲಿ ಅಲ್ಲಿ ಅಡಕೆ, ತೆಂಗು, ರಬ್ಬರು ಎದ್ದವು. ಬೆಳೆ ಕಣ್ಣಮುಂದಿದೆ, ಬೆಳೆದವನ ಹೆಸರಿನಲ್ಲಿ ನೆಲವಿಲ್ಲ, ಕೊಳೆರೋಗ ಬಂದರೆ ಅಡಕೆ ಉದುರುವುದು ಮಾತ್ರ ಪಹಣಿ ನೋಡಿಕೊಂಡಲ್ಲ.

ಈಗ ನಂತೂರಿಗೆ ಬರೋಣ. ಮಂಗಳೂರಿನ ಈ ಭಾಗದಲ್ಲಿ ನೆಲೆಸಿದ ಭಕ್ತರು ಇದನ್ನು ವಿಶೇಷವಾಗಿ ಓದಬೇಕು. ಹೆದ್ದಾರಿ 66 ಇಲ್ಲಿ ಹಾಯುತ್ತದೆ. ಮೂಡುಬಿದಿರೆ, ಕಾರ್ಕಳಗಳ ಕಡೆಯ ದಾರಿ ಇಲ್ಲಿಂದಲೇ ಕವಲೊಡೆಯುತ್ತದೆ. ಈ ಕೂಡುದಾರಿಯಲ್ಲಿ ಎರಡು ಬಗೆಯ ಜನ ನಿತ್ಯ ಒಬ್ಬರನ್ನೊಬ್ಬರು ದಾಟಿಹೋಗುತ್ತಾರೆ. ಒಬ್ಬರು ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಗಾರೆಕೆಲಸಕ್ಕೆ, ರಸ್ತೆಕೆಲಸಕ್ಕೆ ಬಂದವರು. ಇಲ್ಲಿಯ ಜನರ ಬಾಯಲ್ಲಿ ‘ಘಟ್ಟದ ಮೇಲಿನವರು’. ಇವರಲ್ಲಿ ಅನೇಕರು ಊರಿನಲ್ಲಿ ಇನ್ನೊಬ್ಬರ ಹೊಲವನ್ನು ಕೋರಿಗೆ ಮಾಡಿ, ಬೆಳೆ ಕೈಕೊಟ್ಟು, ಬಡ್ಡಿ ತೀರಿಸಲು ಸಿಮೆಂಟಿನ ಬುಟ್ಟಿ ಹೊತ್ತವರು. ಇನ್ನೊಬ್ಬರು ಅದೇ ಜಿಲ್ಲೆಗಳಿಂದ ಬಂದು ಬ್ಯಾಂಕಿನಲ್ಲಿ, ಬಂದರಿನಲ್ಲಿ, ಕಾಲೇಜಿನಲ್ಲಿ, ಆಸ್ಪತ್ರೆಯಲ್ಲಿ ಒಳ್ಳೆಯ ಹುದ್ದೆ ಹಿಡಿದು, ಸುತ್ತಲಿನ ಬಡಾವಣೆಗಳಲ್ಲಿ ಮನೆ ಮಾಡಿಕೊಂಡವರು. ಇವರ ಹೊಲ ಊರಿನಲ್ಲಿದೆ, ಯಾರೋ ಮಾಡುತ್ತಾರೆ, ಪಹಣಿ ಇವರ ಹೆಸರಿನಲ್ಲಿದೆ. ಒಬ್ಬನ ಕೈಯಲ್ಲಿ ನೇಗಿಲಿನ ಗಂಟು, ಹೆಸರಿಲ್ಲ. ಇನ್ನೊಬ್ಬನ ಹೆಸರಿನಲ್ಲಿ ಹೊಲ, ಕೈಗೆ ಮಣ್ಣಿಲ್ಲ. ‘ರೈತನ’ ಹಣ ಬಂದಾಗ ಸಂದೇಶದ ಸದ್ದು ಕೇಳುವುದು ಯಾರ ಜೇಬಿನಲ್ಲಿ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಬಂಧುಗಳೇ, ನಿಯಮ ಸ್ಪಷ್ಟವಾಗಿದೆ. ಆದಾಯ ತೆರಿಗೆ ಕಟ್ಟಿದವರು, ನಾಲ್ಕನೆಯ ದರ್ಜೆಯವರನ್ನುಳಿದು ಸೇವೆಯಲ್ಲಿರುವ ಮತ್ತು ನಿವೃತ್ತರಾದ ಸರ್ಕಾರಿ ನೌಕರರು, ತಿಂಗಳಿಗೆ ಹತ್ತು ಸಾವಿರ ಮತ್ತು ಮೇಲ್ಪಟ್ಟ ಪಿಂಚಣಿಯವರು, ವೃತ್ತಿಯಲ್ಲಿರುವ ವೈದ್ಯರು, ವಕೀಲರು, ಇಂಜಿನಿಯರರು, ಲೆಕ್ಕಪರಿಶೋಧಕರು ಕಿಸಾನ್ ಸಮ್ಮಾನಕ್ಕೆ ಅರ್ಹರಲ್ಲ. ಸಂಸ್ಥೆಗಳ ಭೂಮಿಗೂ ಇಲ್ಲ. ಆದ್ದರಿಂದ ಮಠಗಳಿಗೂ ಇಲ್ಲ, ಅದು ಸರಿಯಾದುದೇ. ಹೀಗಿದ್ದೂ 2021ರ ಜುಲೈಯಲ್ಲಿ ಕೃಷಿ ಸಚಿವರು ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ದೇಶದಲ್ಲಿ 42 ಲಕ್ಷಕ್ಕೂ ಮಿಕ್ಕಿ ಅನರ್ಹರ ಖಾತೆಗೆ ಸುಮಾರು 3,000 ಕೋಟಿ ರೂಪಾಯಿ ಸಂದಿತ್ತು. ಅವರಲ್ಲಿ ಆದಾಯ ತೆರಿಗೆ ಕಟ್ಟುವವರೂ ಇದ್ದರು. ಇವರಾರೂ ಓದುಬರಹ ಬಾರದ ಮುಗ್ಧರಲ್ಲ. ಎರಡು ಸಾವಿರ ತಾನೆ, ಬಂದರೆ ಬರಲಿ ಎಂದವರು.

ಅಂಥವರಿಗೆ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸುತ್ತೇವೆ. ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಒಲೆ ಹೊತ್ತಿಸಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿಯನ್ನು ಯಾರೂ ಕದ್ದುದಾಗಿರಲಿಲ್ಲ, ಯಾರೂ ಕೇಳುವವರಿರಲಿಲ್ಲ. ಆದರೂ ತನ್ನ ಕಾಯಕದ ಅಳತೆಗೆ ಮೀರಿದ್ದು ತನ್ನದಲ್ಲವೆಂದು ಆ ಬಡ ಹೆಣ್ಣುಮಗಳು ಅರಿತಿದ್ದಳು. ಆಕೆಯ ಜಯಂತಿಯಲ್ಲಿ ಭಾಷಣ ಮಾಡಿ ಮನೆಗೆ ಹೋಗಿ, ಉಳದ ಹೊಲದ ಹೆಸರಿನಲ್ಲಿ ಬಂದ ಕಂತನ್ನು ಎಣಿಸುವ ಭಕ್ತನಿಗೆ ನಾವು ಏನೆಂದು ಆಶೀರ್ವದಿಸೋಣ?

ನಮ್ಮ ಮಾತಿಗೆ ಬರುವ ಆಕ್ಷೇಪಗಳು ಗೊತ್ತಿವೆ. ಸಾಗುವಳಿದಾರನ ಹೆಸರನ್ನು ಎಲ್ಲಿಯಾದರೂ ಬರೆಸಿದರೆ ನಾಳೆ ಅವನು ಭೂಮಿಯನ್ನೇ ಕೇಳುತ್ತಾನೆ ಎಂಬುದು ಮೊದಲನೆಯದು. 1974ರ ನೆನಪು ಇನ್ನೂ ಮಾಸಿಲ್ಲವಾದ್ದರಿಂದ ಈ ಭಯ ಸಹಜವೇ. ಆದರೆ ಭಯಕ್ಕೆ ಪರಿಹಾರವಿಲ್ಲದಿಲ್ಲ. ನೆರೆಯ ಆಂಧ್ರಪ್ರದೇಶವು 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆಯನ್ನು ಮಾಡಿತು. ಅದರಂತೆ ಕೊಡುವ ಪತ್ರದ ಅವಧಿ ಹನ್ನೊಂದು ತಿಂಗಳು. ಅದರಿಂದ ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟದು, ಬೆಳೆಯ ಮೇಲೆ ಮಾತ್ರ ಹುಟ್ಟುತ್ತದೆ. ಒರಿಸ್ಸಾದ ‘ಕಾಲಿಯಾ’ ಯೋಜನೆಯು ಪಾಲುಗಾರರನ್ನೂ ಭೂಮಿಯಿಲ್ಲದ ಕೃಷಿ ಕುಟುಂಬಗಳನ್ನೂ ಒಳಗೊಂಡಿತು. ಇದಕ್ಕೆ ವಿರುದ್ಧವಾಗಿ 2018ರಲ್ಲಿ ತೆಲಂಗಾಣದಲ್ಲಿ ಆರಂಭವಾದ ‘ರೈತು ಬಂಧು’ವು ಎಕರೆಯ ಲೆಕ್ಕದಲ್ಲಿ ಪಟ್ಟಾದಾರರಿಗೆ ಮಾತ್ರ ಹಣ ಹಂಚಿತು. ಹೆಚ್ಚು ಎಕರೆಯವನಿಗೆ ಹೆಚ್ಚು, ಗೇಣಿದಾರನಿಗೆ ಸೊನ್ನೆ. ಮೂರು ರಾಜ್ಯಗಳು ಮೂರು ದಾರಿ ಹಿಡಿದವೆಂದ ಮೇಲೆ ಇದು ವಿಧಿಲಿಖಿತವಲ್ಲ, ಆಳುವವರ ಆಯ್ಕೆ ಎಂಬುದು ಸ್ಪಷ್ಟ. ಶ್ರೀಮಂತ ಯುರೋಪು ಸಹ ಈ ರೋಗದಿಂದ ಮುಕ್ತವಲ್ಲ. ಹೆಕ್ಟೇರಿನ ಲೆಕ್ಕದಲ್ಲಿ ಹಣ ಹಂಚುವ ಅಲ್ಲಿನ ಪದ್ಧತಿಯಿಂದ ನೂರಕ್ಕೆ ಎಂಬತ್ತು ಭಾಗ ನೂರಕ್ಕೆ ಇಪ್ಪತ್ತು ಜನರ ಕೈ ಸೇರುತ್ತದೆಂಬ ದೂರು ದಶಕಗಳಿಂದ ಇದೆ. ಕುಟುಂಬಕ್ಕೊಂದೇ ಮೊತ್ತವನ್ನು ಗೊತ್ತುಪಡಿಸಿದ ನಮ್ಮ ನಿಧಿ ಆ ಮಟ್ಟಿಗೆ ಅವಕ್ಕಿಂತ ಮೇಲೆಂದು ಒಪ್ಪಲೇಬೇಕು.

ಎರಡನೆಯ ಆಕ್ಷೇಪವು ಅಧಿಕಾರಿಗಳದು. ಉಳುವವನು ಯಾರೆಂದು ಹೊಲಹೊಲಕ್ಕೆ ಹೋಗಿ ನೋಡಲು ಸಾಧ್ಯವೇ ಎನ್ನುತ್ತಾರೆ. ಸಾಧ್ಯವೆಂಬುದಕ್ಕೆ ಸಾಕ್ಷಿ ನಂತೂರಿಗೆ ಸಮೀಪದಲ್ಲಿಯೇ ಇದೆ. ಕುಲಶೇಖರದಲ್ಲಿರುವ ದಕ್ಷಿಣ ಕನ್ನಡ ಹಾಲು ಒಕ್ಕೂಟಕ್ಕೆ ಹಳ್ಳಿಹಳ್ಳಿಯ ಸಂಘಗಳಿಂದ ನಿತ್ಯ ಹಾಲು ಬರುತ್ತದೆ. ಸಂಘಕ್ಕೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ ಎರಡು ರೂಪಾಯಿಯ ಪ್ರೋತ್ಸಾಹಧನವನ್ನು ಆರಂಭಿಸಿತು; 2016ರಲ್ಲಿ ಅದು ಐದಾಯಿತು. ಅಲ್ಲಿ ಪಹಣಿ ಕೇಳುವುದಿಲ್ಲ. ಕೊಟ್ಟಿಗೆ ನಿಂತ ನೆಲ ಯಾರದೆಂದು ಕೇಳುವುದಿಲ್ಲ. ಹಾಲು ತಂದವರು ಯಾರು, ಎಷ್ಟು ಲೀಟರು, ಜಿಡ್ಡೆಷ್ಟು ಎಂದು ಬರೆದುಕೊಳ್ಳುತ್ತಾರೆ. ಒಂದು ಹಸು ಕಟ್ಟಿದ ವಿಧವೆಗೂ ಅವಳ ದುಡಿಮೆಯ ಅಳತೆಗೆ ತಕ್ಕ ಹಣ ಸಲ್ಲುತ್ತದೆ. ಕಾಯಕಕ್ಕೆ ಸಲ್ಲುವ ಹಣವೆಂದರೆ ಇದು. ಹಾಲನ್ನು ನೋಡಿ ಹಣ ಕೊಡಬಲ್ಲ ಸರ್ಕಾರ ಬೆಳೆಯನ್ನು ನೋಡಿ ಏಕೆ ಕೊಡಲಾರದು? ನೋಡುವುದಿಲ್ಲವೆಂದೂ ಹೇಳುವಂತಿಲ್ಲ. ಪ್ರತಿ ಸರ್ವೆ ನಂಬರಿನ ಬೆಳೆಯ ಛಾಯಾಚಿತ್ರ ತೆಗೆಯುವ ಬೆಳೆ ಸಮೀಕ್ಷೆಯನ್ನು ನಮ್ಮ ರಾಜ್ಯ ನಡೆಸುತ್ತಲೇ ಬಂದಿದೆ. ಹೊಲಕ್ಕೆ ಹೋದವನು ಬೆಳೆ ಯಾವುದೆಂದು ಬರೆದುಕೊಳ್ಳುತ್ತಾನೆ. ಬೆಳೆದವನು ಯಾರೆಂಬ ಒಂದು ಪ್ರಶ್ನೆಯನ್ನು ಅದಕ್ಕೆ ಕೂಡಿಸಿದರೆ ಆಕಾಶ ಕಳಚಿ ಬೀಳದು.

ಸರ್ಕಾರ ಕೇಳಲಿ, ಬಿಡಲಿ. ನಾವು ಮಾಡಬಹುದಾದುದನ್ನು ನಾಳೆಗೆ ಮುಂದೂಡಬೇಕಾಗಿಲ್ಲ. ಅರ್ಹರಲ್ಲದೆ ಕಂತು ಪಡೆಯುತ್ತಿರುವ ಭಕ್ತರು ಅದನ್ನು ಬಿಟ್ಟುಕೊಡಲಿ, ಪಡೆದುದನ್ನು ಸರ್ಕಾರಕ್ಕೆ ಮರಳಿಸಲಿ, ಅದಕ್ಕೆ ದಾರಿಯಿದೆ. ಭೂಮಿಯನ್ನು ಇನ್ನೊಬ್ಬರಿಂದ ಮಾಡಿಸುವವರು ಬರದ, ನೆರೆಯ, ವಿಮೆಯ ಪರಿಹಾರ ಬಂದರೆ ಅದನ್ನು ನಷ್ಟವುಂಡವನ ಕೈಗೆ ಎಣಿಸಲಿ. ಲಾವಣಿ ಮುಂಗಡವಾಗಿ ಪಡೆದಿದ್ದರೆ ಕೆಟ್ಟ ವರ್ಷದಲ್ಲಿ ಅದರಲ್ಲಿ ಒಂದು ಭಾಗವನ್ನು ಬಿಡಲಿ. ಪೌತಿ ಖಾತೆಯಾಗದ ಮನೆತನಗಳವರು ಅಣ್ಣತಮ್ಮಂದಿರನ್ನು ಕೂಡಿಸಿಕೊಂಡು, ಬೇಕಾದರೆ ಮಠದ ಸನ್ನಿಧಿಯಲ್ಲಿಯೇ ಕುಳಿತು, ಒಮ್ಮತಕ್ಕೆ ಬರಲಿ. ಖಾತೆಯಾಗುವಾಗ ತಾಯಿಯ, ಸೋದರಿಯರ ಹೆಸರನ್ನು ಬಿಡದಿರಲಿ. ಕಂದಾಯ, ಕೃಷಿ, ಬ್ಯಾಂಕು ಇಲಾಖೆಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ತಮ್ಮ ಊರಿನ ಬಡವರ ಆಧಾರ್ ಜೋಡಣೆ, ಗುರುತು ದೃಢೀಕರಣ, ಖಾತೆಯ ತೊಡಕುಗಳನ್ನು ಬಿಡಿಸಲು ಮೀಸಲಿಡಲಿ. 2022ರಲ್ಲಿ ಇವುಗಳನ್ನು ಬಿಗಿಗೊಳಿಸಿದ ಬಳಿಕ ಬೆರಳಚ್ಚು ಹೊಂದದೆ, ಹೆಸರಿನ ಅಕ್ಷರ ತಪ್ಪಿ, ಅರ್ಹರಾದವರ ಕಂತು ನಿಂತುದೂ ಉಂಟು. ಮಠದ ಪ್ರಸಾದನಿಲಯದಲ್ಲಿ ಉಂಡ ಅನ್ನವನ್ನು ಯಾರು ಬೆಳೆದಿದ್ದರೆಂದು ಅಂದು ನೀವು ಕೇಳಿರಲಿಲ್ಲ. ಆ ಋಣವನ್ನು ತೀರಿಸಲು ಈಗ ಅವಕಾಶ ಒದಗಿದೆ.

ಸರ್ಕಾರಕ್ಕೆ ನಮ್ಮ ಬೇಡಿಕೆ ಒಂದೇ. ಪಹಣಿಯ ಹನ್ನೆರಡನೆಯ ಕಾಲಂನಲ್ಲಿ ಸತ್ಯವನ್ನು ಬರೆಯಿರಿ. ಒಡೆಯನ ಹಕ್ಕಿಗೆ ಚ್ಯುತಿ ಬಾರದಂತೆ, ಒಂದು ಬೆಳೆಯ ಅವಧಿಗೆ ಉಳುವವನನ್ನು ಗುರುತಿಸುವ ಕಾನೂನು ಮಾಡಿರಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಪ್ರಕರಣಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದೆಂದು ಬಾಗಿಲು ತೆರೆದಿರಿ. ಕೊಂಡವರೆಲ್ಲ ಪಟ್ಟಣ ಬಿಟ್ಟು ಬಂದು ನೇಗಿಲು ಹಿಡಿಯುವರೆಂದು ನೀವೂ ನಂಬಿರಲಾರಿರಿ. ಉಳದ ಒಡೆಯನು ಕೊಳ್ಳಲು ಕಾನೂನಿನಲ್ಲಿ ದಾರಿಯಾಯಿತು. ಒಡೆತನವಿಲ್ಲದೆ ಉಳುವವನು ಬದುಕಲು ಅದೇ ಕಾನೂನಿನಲ್ಲಿ ಒಂದು ಸಾಲಿನಷ್ಟು ಜಾಗವಿಲ್ಲವೆಂದರೆ ಅದನ್ನು ಭೂಸುಧಾರಣೆ ಎಂದು ಕರೆಯುವುದನ್ನಾದರೂ ನಿಲ್ಲಿಸಿರಿ.

ಬಂಧುಗಳೇ, ಈ ಲೇಖನವನ್ನು ಓದಿ ಕೆಲವರಿಗೆ ಬೇಸರವಾದೀತು. ಕಾಣಿಕೆ ಕೊಡುವವರನ್ನೇ ಸ್ವಾಮಿಗಳು ಬೈದರೆಂದು ಆಡಿಕೊಂಡಾರು. ಕಾಣಿಕೆಯ ಭಾರಕ್ಕೆ ನಾಲಗೆ ಬಾಗಿದರೆ ಪೀಠದಲ್ಲಿ ಕುಳಿತು ಪ್ರಯೋಜನವಿಲ್ಲ. ಈ ಸಲದ ಕೊಯ್ಲಿಗೆ ಊರಿಗೆ ಹೋದಾಗ ನಿಮ್ಮ ಹೊಲವನ್ನು ಮಾಡುವವನನ್ನು ಕರೆದು ಕೂಡಿಸಿರಿ. ಕಳೆದ ವರ್ಷಗಳಲ್ಲಿ ಆ ಹೊಲದ ಹೆಸರಿನಲ್ಲಿ ಏನೇನು ಹಣ ನಿಮ್ಮ ಖಾತೆಗೆ ಬಂತೆಂದು ಅವನ ಮುಂದೆಯೇ ಲೆಕ್ಕ ತೆಗೆಯಿರಿ. ಅದರಲ್ಲಿ ಅವನದೆಷ್ಟೆಂದು ನಿಮ್ಮ ಅಂತಃಕರಣವನ್ನು ಕೇಳಿರಿ. ಅದು ಹೇಳಿದಷ್ಟನ್ನು ಅಂದೇ ಕೊಟ್ಟು, ಆ ಬಳಿಕ ಮಠಕ್ಕೆ ಬನ್ನಿರಿ. ನಿಮಗೂ ನಿಮ್ಮ ಹೊಲವನ್ನು ಹಸನು ಮಾಡುವವನ ಮನೆಗೂ ಶುಭವಾಗಲಿ.